ಅಲರ್ಜಿ ಹನಿಯ ಬಾಟಲಿಯನ್ನು ಕಲಬುರಗಿ ಬಿಸಿಲಿನಿಂದ ಕಾಪಾಡುವುದು ಹೇಗೆ

ನನ್ನ ಮಗನಿಗೆ ಒಂಬತ್ತು ವರ್ಷ. ಹಾಸಿಗೆಯ ಧೂಳಿನಲ್ಲಿರುವ ಮೈಟ್ ಎಂಬ ಸಣ್ಣ ಹುಳ ಅವನಿಗೆ ಆಗಿಬರುವುದಿಲ್ಲ. ಎರಡು ವರ್ಷದಿಂದ ದಿನಾ ಬೆಳಗ್ಗೆ ನಾಲಿಗೆ ಕೆಳಗೆ ಹನಿ ಹಾಕಿ, ಎರಡು ನಿಮಿಷ ಹಾಗೇ ಇಟ್ಟುಕೊಂಡು ನುಂಗಿಸುತ್ತೇನೆ. ಆಗಿಬರದ ಮೈಟ್‌ನ ಅಂಶವನ್ನೇ ದಿನಾ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವ, ಮೂರರಿಂದ ಐದು ವರ್ಷ ನಡೆಯುವ ಚಿಕಿತ್ಸೆ ಇದು. ಇಷ್ಟು ದಿನ ಹಾಕಿದ ಹನಿಯಲ್ಲಿ ಸತ್ವವೇ ಇಲ್ಲದಿದ್ದರೆ ಮಗುವಿನ ಕಷ್ಟವೆಲ್ಲ ಸುಮ್ನೆ ಹೋದಂತೆ, ಅಲ್ವಾ?

ಹೋದ ವರ್ಷ ಮೇ ತಿಂಗಳಲ್ಲಿ ಸೇಡಂಗೆ ತವರಿಗೆ ಹೋಗಿದ್ದೆವು. ಬಾಟಲಿ ಕಾರಿನಲ್ಲೇ ಉಳಿದುಬಿಟ್ಟಿತ್ತು. ಮಧ್ಯಾಹ್ನವೆಲ್ಲ ಕಾರು ಬಿಸಿಲಲ್ಲಿ ನಿಂತಿತ್ತು. ಸಂಜೆ ತೆಗೆದು ನೋಡಿದರೆ ಬಣ್ಣ ಅದೇ, ವಾಸನೆ ಅದೇ. ಹಾಕಿಬಿಡೋಣ ಅಂದುಕೊಂಡವಳು ಯಾಕೋ ಡಾಕ್ಟರಿಗೆ ಫೋನ್ ಮಾಡಿದೆ. "ಅದನ್ನು ಹಾಕಬೇಡಿ, ಹೊಸದು ತರಿಸಿ. ಎಷ್ಟು ಹನಿಯಿಂದ ಶುರು ಮಾಡಬೇಕು ಅಂತ ನಾನು ಹೇಳುತ್ತೇನೆ" ಎಂದರು.

ಕಾರಣ ಹೀಗೆ. ಹನಿಯಲ್ಲಿರುವುದು ಮೈಟ್‌ನ ಪ್ರೋಟೀನ್. ಬಿಸಿ ತಾಗಿದರೆ ಪ್ರೋಟೀನ್ ತನ್ನ ಆಕಾರ ಕಳೆದುಕೊಳ್ಳುತ್ತದೆ. ಜೊತೆಗೆ ಮೈಟ್‌ನಿಂದಲೇ ಬಂದ ಕೆಲವು ಕಿಣ್ವಗಳು ಪ್ರೋಟೀನನ್ನು ತುಂಡು ಮಾಡುತ್ತವೆ. ಸೆಕೆ ಜಾಸ್ತಿಯಾದಷ್ಟೂ ಅವುಗಳ ಕೆಲಸ ಚುರುಕು. ಅದನ್ನು ತಡೆಯಲೆಂದೇ ಗ್ಲಿಸರಿನ್ ಬೆರೆಸಿರುತ್ತಾರೆ. ಹನಿ ಸಿಹಿಯಾಗಿ, ಅಂಟಂಟಾಗಿ ಇರುವುದು ಅದಕ್ಕೇ. ಆದರೆ ಗ್ಲಿಸರಿನ್ ಒಂದೇ ಸಾಲದು, ತಂಪೂ ಬೇಕು: 2ರಿಂದ 8 ಡಿಗ್ರಿ ಸೆಲ್ಸಿಯಸ್. ಚಿಕಿತ್ಸೆಯ ಶುರುವಿನಲ್ಲಿ ಕೊಡುವ ತೆಳು ಹನಿಯ ಬಾಟಲಿಗಳಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ರೋಟೀನಿನ ಅಂಶ ಕಡಿಮೆ ಇರುವುದರಿಂದ ಅವು ಬೇಗ ಸತ್ವ ಕಳೆದುಕೊಳ್ಳುತ್ತವೆ.

ಫ್ರಿಜ್ಜಿನಲ್ಲಿ ಇಟ್ಟರಾಯಿತು ಅಂದುಕೊಳ್ಳಬೇಡಿ, ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಬಾಗಿಲಲ್ಲಿ ಬೇಡ. ಹಾಲಿಗೆ, ನೀರಿಗೆ ಎಂದು ದಿನಕ್ಕೆ ಎಷ್ಟು ಸಲ ತೆರೆಯುತ್ತೇವೆ! ಫ್ರೀಜರಿನ ಕೆಳಗಿನ ತಟ್ಟೆಯೂ ಬೇಡ, ಹಿಂದಿನ ಗೋಡೆಗೆ ತಾಗಿಸಿಯೂ ಬೇಡ. ಹೆಪ್ಪುಗಟ್ಟಿದರೂ ಪ್ರೋಟೀನ್ ಕೆಡುತ್ತದೆ. ನಾನು ನಡುವಿನ ಅರೆಯಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಪಕ್ಕದಲ್ಲಿ ಒಂದು ಲೋಟ ನೀರು, ಅದರಲ್ಲಿ ವೈರಿರುವ ಡಿಜಿಟಲ್ ಥರ್ಮಾಮೀಟರಿನ ತುದಿ. ಗಾಳಿಯ ಅಳತೆ ಬಾಗಿಲು ತೆರೆದಾಗಲೆಲ್ಲ ಕುಣಿಯುತ್ತದೆ. ಬಾಟಲಿಯೊಳಗಿನ ತಂಪಿಗೆ ನೀರಿನ ಅಳತೆಯೇ ಹತ್ತಿರ. ಬೇಸಿಗೆಗೂ ಚಳಿಗಾಲಕ್ಕೂ ಫ್ರಿಜ್ಜಿನ ಗುಂಡಿ ಬೇರೆ ಬೇರೆ ಕಡೆ ತಿರುಗಿಸಬೇಕು ಅನ್ನುವುದು ಇದನ್ನು ಇಟ್ಟ ಮೇಲೇ ನನಗೆ ತಿಳಿದದ್ದು.

ಹನಿ ಹಾಕಿದ ತಕ್ಷಣ ಬಾಟಲಿ ವಾಪಸ್ ಒಳಗೆ ಹೋಗಬೇಕು. ತಿಂಡಿ ಮುಗಿಯುವವರೆಗೂ ಮೇಜಿನ ಮೇಲೆ ಬಿಡಬೇಡಿ. ಒಂದು ದಿನಕ್ಕೆ ಏನೂ ಆಗಲಿಕ್ಕಿಲ್ಲ, ಆದರೆ ದಿನಾ ಅರ್ಧ ಗಂಟೆ ಎಂದರೆ ತಿಂಗಳಿಗೆ ಹದಿನೈದು ಗಂಟೆ.

ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯಬೇಡಿ. ಮುಚ್ಚಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಬಾಟಲಿಯನ್ನು ಐಸ್ ಪ್ಯಾಕ್ ಇರುವ ಡಬ್ಬಿಗೆ ದಾಟಿಸಿ. ಒದ್ದೆ ಮರಳಿನ ಮಡಕೆ ಕಲಬುರಗಿಯ ಒಣ ಹವೆಗೆ ತಂಪು ಕೊಡುತ್ತದೆ ನಿಜ, ಆದರೆ 8 ಡಿಗ್ರಿಗೆ ಇಳಿಯುವುದಿಲ್ಲ. ಬೇರೇನೂ ಸಿಗದಾಗ ಮಾತ್ರ ಅದು.

ಪ್ರಯಾಣಕ್ಕೆ ನಾನು ಬಾಯಿ ಅಗಲವಿರುವ ಸ್ಟೀಲ್ ಫ್ಲಾಸ್ಕ್ ಒಯ್ಯುತ್ತೇನೆ. ಕೆಳಗೆ ಐಸ್ ಪ್ಯಾಕ್, ಅದರ ಮೇಲೆ ನಾಲ್ಕು ಮಡಿಕೆ ಹತ್ತಿ ಬಟ್ಟೆ, ಆಮೇಲೆ ಬಾಟಲಿ. ಐಸ್ ನೇರವಾಗಿ ಬಾಟಲಿಗೆ ತಾಗಬಾರದು. ಫ್ಲಾಸ್ಕ್ ನನ್ನ ಕೈಚೀಲದಲ್ಲೇ ಇರುತ್ತದೆ, ಬಸ್ಸಿನ ಡಿಕ್ಕಿಗೆ ಹಾಕುವುದಿಲ್ಲ. ಕೊರಿಯರ್‌ನಲ್ಲಿ ತರಿಸುವುದಾದರೆ ವಾರದ ಮೊದಲ ದಿನಗಳಲ್ಲೇ ಆರ್ಡರ್ ಮಾಡಿ, ಭಾನುವಾರ ಗೋಡೌನಿನಲ್ಲಿ ಉಳಿಯಬಾರದು. ಪೊಟ್ಟಣ ಬಂದ ಕೂಡಲೇ ಬಿಚ್ಚಿ, ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯಾ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಳಿಸಿದವರಿಗೂ ಡಾಕ್ಟರಿಗೂ ಅಂದೇ ತಿಳಿಸಿ.

ಇಷ್ಟೆಲ್ಲ ಮಾಡಿಯೂ ಬಾಟಲಿ ಬಿಸಿಗೆ ಸಿಕ್ಕಿತು ಅನ್ನಿ. ಸತ್ವ ಕಡಿಮೆಯಾಗಿರಬಹುದು ಎಂದು ಎರಡು ಹನಿ ಜಾಸ್ತಿ ಹಾಕಬೇಡಿ. ಹೊಸ ಬಾಟಲಿಯನ್ನೂ ಹಳೆಯ ಲೆಕ್ಕದಲ್ಲೇ ಶುರು ಮಾಡಬೇಡಿ. ಸಪ್ಪೆಯಾದ ಔಷಧಿಗೆ ಒಗ್ಗಿದ ಮೈಗೆ ಪೂರ್ತಿ ಸತ್ವದ ಹನಿ ಒಮ್ಮೆಲೇ ಬಿದ್ದರೆ ಬಾಯಿ ತುರಿಸಬಹುದು, ತುಟಿ ಊದಬಹುದು, ಉಸಿರಿಗೂ ತೊಂದರೆಯಾಗಬಹುದು. ನನ್ನ ಮಗನಿಗೆ ಡಾಕ್ಟರು ಹನಿ ಇಳಿಸಿ, ಮೆಲ್ಲಗೆ ಮತ್ತೆ ಏರಿಸಿದರು. ಅವರ ನಂಬರ್ ಈಗ ಆ ಡಬ್ಬಿಯ ಮುಚ್ಚಳದ ಮೇಲೇ ಅಂಟಿಸಿದೆ, ಪಕ್ಕದಲ್ಲಿ ಬಾಟಲಿ ತೆರೆದ ದಿನಾಂಕವೂ ಇದೆ.