350 ಯೂನಿಟ್‌ಗೆ ಬಿಲ್ ಎಷ್ಟು?

ಲ್ಯಾಬಿನ ಪ್ರೋಗ್ರಾಂ ಬರೆದಿಡುವ ರೆಕಾರ್ಡ್ ಬುಕ್‌ಗೆ ಕೊಡುವ ಅಂಕ ತೆಗೆದುಹಾಕಿದರೆ ಹುಡುಗರು ಲ್ಯಾಬ್‌ಗೇ ಬರಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಆದರೂ ತೆಗೆದುಹಾಕಿದೆ. ಮೂರು ವರ್ಷ ಆಯಿತು. ಬರುತ್ತಿದ್ದಾರೆ, ಬೆಲ್ ಹೊಡೆದ ಮೇಲೂ ಏಳುವುದಿಲ್ಲ.

ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಲ್ಯಾಬ್ ಪಾಡು ಹೀಗೆ. ಹತ್ತು ಹನ್ನೆರಡು ಪ್ರೋಗ್ರಾಂ, ಅಷ್ಟೂ ಬಾಯಿಪಾಠ. ಒಬ್ಬನ ಪೆನ್‌ಡ್ರೈವ್ ಇಡೀ ಬ್ಯಾಚ್ ಸುತ್ತುತ್ತದೆ.

ಮೊದಲು ನಾನು ಮಷಿನ್ ನಂಬಿದೆ. ಕೈಯಿಂದ ಸುಮಾರು 9 ಸಾವಿರ ಹಾಕಿ ಹಳೇ ಪಿಸಿ ತಂದೆ. ಪ್ರೋಗ್ರಾಂ ತೋರಿಸುವ ಉತ್ತರವನ್ನು ನನ್ನ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ತಾನೇ ಅಂಕ ಹಾಕುವ ಸ್ಕ್ರಿಪ್ಟ್ ಬರೆದೆ. ಮೊದಲ ವಾರ 64 ಜನರಲ್ಲಿ ನಲವತ್ತಕ್ಕೂ ಜಾಸ್ತಿ ಮಂದಿಗೆ ಸೊನ್ನೆ! ಒಬ್ಬಳ ಲೆಕ್ಕ ಪೂರ್ತಿ ಸರಿ ಇತ್ತು. 'ಎಂಟರ್ ಯೂನಿಟ್ಸ್' ಎಂದು ಒಂದು ಸಾಲು ಪ್ರಿಂಟ್ ಮಾಡಿದ್ದಳು, ಅಷ್ಟೇ. ಅವಳ ಮುಖ ನೋಡಿ ಆ ವಾರದ ಅಂಕ ಪೂರ್ತಿ ಅಳಿಸಿದೆ. ದುಡ್ಡು ಹೋಯಿತು.

ಈಗಿನ ದಾರಿ ಹೀಗೆ. ಅವರದೇ ಪ್ರೋಗ್ರಾಂ ಸ್ಕ್ರೀನ್ ಮೇಲೆ ಇರುತ್ತದೆ. ನಾನು ಒಂದು ಚೀಟಿ ಕೊಡುತ್ತೇನೆ. ಅದರಲ್ಲಿರುವ ಬದಲಾವಣೆಯನ್ನು ಐದು ನಿಮಿಷದಲ್ಲಿ ನನ್ನ ಎದುರೇ ಮಾಡಬೇಕು. ಅದಕ್ಕೆ 6 ಅಂಕ, ರನ್ ಮಾಡುವ ಮೊದಲೇ ಉತ್ತರ ಹೇಳಿದರೆ 2, ಮೂಲ ಪ್ರೋಗ್ರಾಂ ಓಡಿದರೆ 2. ಬರಲಿಲ್ಲವಾ, ಮುಂದಿನ ವಾರ ಮತ್ತೆ ಬರಲಿ. ಎಷ್ಟು ಸಲ ಬಂದರೂ ಕೊನೆಯ ಅಂಕವೇ ಅಂಕ, ಸರಾಸರಿ ಇಲ್ಲ. ಇಂಟರ್ನಲ್, ಅಂದರೆ ಕಾಲೇಜಿನಲ್ಲೇ ಹಾಕುವ ಅಂಕ, 50ರಲ್ಲಿ 20 ಬೇಕಾದರೆ ಏನೇನು ಬರಲೇಬೇಕು ಎಂದು ಮೊದಲ ದಿನವೇ ಒಂದು ಹಾಳೆ ಕೈಗೆ ಕೊಡುತ್ತೇನೆ. ಅದರಲ್ಲಿ ಮೊದಲನೆಯದು, ನೋಡದೆ ಒಂದು ಲೂಪ್, ಅಂದರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಸಾಲುಗಳು, ಬರೆಯುವುದು.

ಕರೆಂಟ್ ಬಿಲ್ ಪ್ರೋಗ್ರಾಂ ತಗೊಳ್ಳಿ. ಲೆಕ್ಕದಲ್ಲಿ ಕೊಟ್ಟ ದರ ಹೀಗೆ: ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಆಮೇಲೆ 1 ರೂಪಾಯಿ, ಮೀಟರ್ ಚಾರ್ಜ್ 100. ಒಟ್ಟು 400 ಮೀರಿದರೆ ಶೇ 15 ಸರ್‌ಚಾರ್ಜ್. 350 ಯೂನಿಟ್‌ಗೆ ಎಷ್ಟು ಎಂದು ಕೇಳುತ್ತೇನೆ. ಸರಿಯಾಗಿ 400, ಸರ್‌ಚಾರ್ಜ್ ಇಲ್ಲ. 'ಜಾಸ್ತಿ' ಬದಲು 'ಜಾಸ್ತಿ ಅಥವಾ ಸಮ' ಎಂದು ಬರೆದವರಿಗೆ 460 ಬರುತ್ತದೆ. ಒಬ್ಬ ಸ್ಕ್ರೀನ್ ನೋಡಿ, ಬೆರಳಲ್ಲಿ ಎಣಿಸಿ, "ಸರ್, ಅರವತ್ತು ರೂಪಾಯಿ ಸುಮ್ನೆ ಹಾಕ್ಬಿಟ್ಟಿದೀನಿ" ಎಂದ. ಆ ಸಮ ಚಿಹ್ನೆ ಅವನು ಇನ್ನು ಮರೆಯಲ್ಲ.

ಕಷ್ಟ ಸಮಯದ್ದು. 22 ಜನರ ಬ್ಯಾಚ್‌ಗೆ 110 ನಿಮಿಷ ಇದಕ್ಕೇ ಹೋಗುತ್ತದೆ. ಅದಕ್ಕೇ ಮೂರನೇ ಸೆಮಿಸ್ಟರಿನ ಇಬ್ಬರನ್ನು ಕೂರಿಸಿಕೊಂಡೆ. ಅವರ ಕಾಫಿ, ಬಜ್ಜಿ, ಚೀಟಿಗಳ ಜೆರಾಕ್ಸ್ ಸೇರಿ ಸೆಮಿಸ್ಟರಿಗೆ ಮೂರು ಸಾವಿರದ ಹತ್ತಿರ, ನನ್ನ ಜೇಬಿನಿಂದಲೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪ್ರೋಗ್ರಾಂನಲ್ಲಿ ಸಂಖ್ಯೆ ಹಿಡಿದಿಡುವ ವೇರಿಯಬಲ್‌ಗಳಿಗೆ ಮೊತ್ತ, ದರ, ಬಾಕಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಇಡಿಸಿದೆ. ಕನ್ನಡ ಮೀಡಿಯಂ ಮಕ್ಕಳ ಭಯ ಅರ್ಧ ಇಳಿಯಿತು. ಮೊದಲ ತಿಂಗಳು ಈಗಲೂ ಹಾಗೇ ಮಾಡಿಸುತ್ತೇನೆ.

ಮೊದಲು ಇಪ್ಪತ್ತಕ್ಕೂ ಜಾಸ್ತಿ ಮಂದಿ ಫೇಲಾಗುತ್ತಿದ್ದರು. ಹೋದ ಸಲ ಏಳೋ ಎಂಟೋ. ಯಾರಿಗೆ ಯಾವ ಚೀಟಿ ಎಂದು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ, ನಾಳೆಯೇ ಹಾಸ್ಟೆಲ್ ತಲುಪುತ್ತದೆ. ಲ್ಯಾಬ್‌ಗೇ ಬರಲ್ಲ ಎಂದಿದ್ದ ಸಹೋದ್ಯೋಗಿಯೇ ಹೋದ ತಿಂಗಳು ಚೀಟಿಗಳ ಕಟ್ಟು ಕೇಳಿದರು. ಮೂವತ್ತು ಕೊಟ್ಟೆ. ಒಳ್ಳೆಯ ಹತ್ತು ನನ್ನ ಹತ್ತಿರವೇ ಇವೆ.