ಕೊರಿಯಾದವರ ಥರ ಸೊಪ್ಪು ತಿನ್ನೋದು, ಬೆಟ್ಟ ಹತ್ತೋದು: ನನ್ನ ಅನುಭವ

ದಕ್ಷಿಣ ಕೊರಿಯಾದಿಂದ ಮೈಸೂರಿಗೆ ವಾಪಸ್ ಬಂದ್ಮೇಲೆ ಎಲ್ರೂ ಕೇಳಿದ್ದು ಜಿನ್ಸೆಂಗ್ ಅನ್ನೋ ಔಷಧಿ ಬೇರು ತಂದ್ಯಾ ಅಂತ. ಕೊರಿಯಾದಲ್ಲಿ ಸರಾಸರಿ ಆಯಸ್ಸು 83ರ ಆಸುಪಾಸು ಇದೆಯಲ್ಲ, ಅದಕ್ಕೆ ಆ ಬೇರೇ ಕಾರಣ ಅನ್ಕೊಂಡಿದಾರೆ. ಅಲ್ಲಿನ ಸುವಾನ್ ಊರಲ್ಲಿ ಇದ್ದಷ್ಟು ವರ್ಷ ನಾನು ಅಕ್ಕಪಕ್ಕದ ಮನೆಗಳಲ್ಲಿ ದಿನಾ ನೋಡಿದ್ದು ಸೊಪ್ಪು ತರಕಾರಿ, ಆಮೇಲೆ ನಡಿಗೆ, ನಾನು ಹಿಡ್ಕೊಂಡಿದ್ದೂ ಅವೆರಡನ್ನೇ.

ಸೊಪ್ಪಿಂದು ಮೊದ್ಲು ಹೇಳ್ತೀನಿ. ನಮುಲ್ ಅಂತಾರೆ, ಪಕ್ಕದ ಮನೆ ಅಜ್ಜಿ ಕೈ ಹಿಡಿದು ಕಲಿಸಿದ್ರು. ನೀರು ಚೆನ್ನಾಗಿ ಕುದಿಯೋವಾಗ ಚಿಟಿಕೆ ಉಪ್ಪು ಹಾಕಿ, ಪಾಲಕ್ ಮುಳುಗಿಸಿ, ಅರ್ಧ ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ, ಎರಡೂ ಕೈಲಿ ಗಟ್ಟಿಯಾಗಿ ಹಿಂಡ್ಬೇಕು, ನೀರು ಉಳಿದ್ರೆ ಏನು ಹಾಕಿದ್ರೂ ಹಿಡಿಯಲ್ಲ, ಅಜ್ಜಿ ನಾನು ಹಿಂಡಿದ್ದನ್ನ ತಗೊಂಡು ಇನ್ನೊಂದ್ಸಲ ಹಿಂಡಿ ನೀರು ತೆಗೆದು ತೋರಿಸ್ತಿದ್ರು. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಸೋಯಾ ಸಾಸ್, ಎಳ್ಳೆಣ್ಣೆ, ಹುರಿದ ಎಳ್ಳು, ಕೈಯಲ್ಲೇ ಕಲೆಸೋದು. ದೊಡ್ಡ ಕಟ್ಟು ಸೊಪ್ಪು ಒಂದು ಮುಷ್ಟಿ ಆಗ್ಬಿಡುತ್ತೆ, ಹಾಗಾಗಿ ಗೊತ್ತಿಲ್ದೇನೇ ಎಷ್ಟೊಂದು ಹೊಟ್ಟೆಗೆ ಹೋಗುತ್ತೆ. ಸೋಯಾ ಮೊಳಕೆಕಾಳು, ಮೂಲಂಗಿ ಇವೂ ಹೀಗೇ ಸಣ್ಣ ಸಣ್ಣ ತಟ್ಟೇಲಿ ಬರ್ತವೆ, ಅನ್ನ ಮಾತ್ರ ಪುಟ್ಟ ಬಟ್ಟಲಲ್ಲಿ. ನಮ್ಮನೇಲಿ ಅನ್ನದ ಗುಡ್ಡೆ ಪಕ್ಕ ಚೂರು ಪಲ್ಯ ಇರ್ತಿತ್ತು, ಈಗ ಆ ಲೆಕ್ಕಾನೇ ತಿರುಗಿಸಿದೀನಿ.

ಕಿಮ್ಚಿ, ಅಂದ್ರೆ ಉಪ್ಪು ಖಾರ ಹಾಕಿ ಹುಳಿ ಬರಿಸಿದ ತರಕಾರಿ, ಒಳ್ಳೇದೇ, ಆದ್ರೆ ಉಪ್ಪು ಜಾಸ್ತಿ, ಬಿಪಿ ಇರೋರು ಸ್ವಲ್ಪವೇ ತಿನ್ನಿ. ಸಸ್ಯಾಹಾರಿಗಳು ಕೇಳಿ ತಗೊಳ್ಳಿ, ಹೆಚ್ಚಿನದ್ರಲ್ಲಿ ಮೀನಿನ ಸಾಸೋ ಉಪ್ಪು ಹಾಕಿಟ್ಟ ಸಿಗಡಿಯೋ ಇರುತ್ತೆ.

ಕುಡಿಯೋಕೆ ಬೋರಿಚಾ. ಕಂದು ಬಣ್ಣ ಬರೋವರೆಗೂ ಹುರಿದ ಬಾರ್ಲಿ ಒಂದು ಹಿಡಿ, ಎರಡು ಲೀಟರ್ ನೀರಲ್ಲಿ ಕಾಲು ಗಂಟೆ ಕುದಿಸಿ ಸೋಸಿದ್ರೆ ಮುಗೀತು. ಕೆಫೀನ್ ಇಲ್ಲ, ಸಂಜೆ ಕಾಫಿ ಬದ್ಲು ಇದನ್ನ ಶುರು ಮಾಡಿದ್ಮೇಲೆ ನಂಗೆ ರಾತ್ರಿ ನಿದ್ದೆ ಸರಿಯಾಯ್ತು.

ಬೆಟ್ಟ ಅಂದ್ರೆ ಅಲ್ಲಿನ ಹಿರಿಯರಿಗೆ ಪ್ರಾಣ! ಸುವಾನ್ ಪಕ್ಕದ ಗ್ವಾಂಗ್ಯೋಸಾನ್ 582 ಮೀಟರ್ ಎತ್ತರ, ಶನಿವಾರ ಭಾನುವಾರ ಎಪ್ಪತ್ತು ದಾಟಿದವರು ಕೋಲು ಹಿಡ್ಕೊಂಡು ಗುಂಪು ಗುಂಪಾಗಿ ಹತ್ತುತಾರೆ, ಮೇಲೆ ಹೋದ್ಮೇಲೆ ಬ್ಯಾಗಿಂದ ಸೌತೆಕಾಯಿ ತೆಗೆದು ಗುರುತಿಲ್ಲದ ನಮಗೂ ಕೊಡ್ತಾರೆ. ಈ ಜೊತೆಗಾರಿಕೆ ಇಲ್ದಿದ್ರೆ ನಾನು ಖಂಡಿತ ಮುಂದುವರಿಸ್ತಿರ್ಲಿಲ್ಲ. ವಾರದ ದಿನ ಹ್ವಾಸಾಂಗ್ ಕೋಟೆ ಗೋಡೆ ಮೇಲೆ ನಡೀತಿದ್ದೆ, 1794ರಿಂದ 1796ರವರೆಗೆ ಜೊಂಗ್ಜೊ ರಾಜ ಕಟ್ಸಿದ್ದು, ಪೂರ್ತಿ ಸುತ್ತು 5 ಕಿಲೋಮೀಟರ್ ಮೇಲೇ ಇದೆ. ಇಲ್ಲಿ ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋಕೆ ಮನೆ ಹತ್ರದ ಮೂರ್ನಾಲ್ಕು ಜನರನ್ನ ಕೂಡಿಸ್ಕೊಂಡಿದೀನಿ.

ಇನ್ನೊಂದು, ಅಲ್ಲಿ ಸರ್ಕಾರದ ವಿಮೆಯಲ್ಲೇ ಎರಡು ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಇರುತ್ತೆ, 40 ಆದ್ಮೇಲೆ ಹೊಟ್ಟೆ ಕ್ಯಾನ್ಸರ್ ಪರೀಕ್ಷೇನೂ ಸೇರುತ್ತೆ. ಇಲ್ಲಿ ಅದನ್ನ ನಾವೇ ನೆನಪಿಟ್ಕೊಂಡು ಮಾಡಿಸ್ಬೇಕು.

ನಮುಲ್ ಮಾಡೋರು ಹುರಿದ ಎಳ್ಳಿಂದ ತೆಗೆದ ಎಣ್ಣೆನೇ ಹುಡುಕಿ ತಗೊಳ್ಳಿ, ನಮ್ಮ ಗಾಣದ ಹಸಿ ಎಳ್ಳೆಣ್ಣೆಗೆ ಆ ಘಮ ಬರಲ್ಲ. ದಂಟಿನ ಸೊಪ್ಪಲ್ಲೂ ಚೆನ್ನಾಗಾಗುತ್ತೆ, ಎಳೇದಾಗಿರ್ಬೇಕು ಅಷ್ಟೇ.