ಎಷ್ಟು, ಯಾರಿಗೆ, ಎಷ್ಟು ಕಾಲ: ಪ್ರೌಢಶಾಲಾ ವಿದ್ಯಾರ್ಥಿಗಳೊಡನೆ ವಿಷವಿಜ್ಞಾನ

ರಾಸಾಯನಿಕಗಳ ಸುರಕ್ಷತೆಯನ್ನು ಪರೀಕ್ಷಿಸುವುದು ನನ್ನ ವೃತ್ತಿ. ಅದರ ಜೊತೆಗೆ ಕೆಲವು ವರ್ಷಗಳಿಂದ ಪ್ರೌಢಶಾಲಾ ವಿದ್ಯಾರ್ಥಿಗಳ ಸಂಶೋಧನಾ ಯೋಜನೆಗಳಿಗೆ ಮಾರ್ಗದರ್ಶಕಿಯಾಗಿಯೂ ಇದ್ದೇನೆ. ಮೊದಲ ಭೇಟಿಯಲ್ಲಿ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ವಸ್ತು ವಿಷವೋ, ಅಲ್ಲವೋ? ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಎಷ್ಟು ಪ್ರಮಾಣದಲ್ಲಿ, ಯಾವ ಜೀವಿಗೆ, ಎಷ್ಟು ಕಾಲದಲ್ಲಿ, ಯಾವ ಬಗೆಯ ಹಾನಿ ಎಂದು ಅವರೇ ಅದನ್ನು ಬಿಡಿಸಿಕೊಳ್ಳುವವರೆಗೆ ಕಾಯುತ್ತೇನೆ. ಪ್ರಶ್ನೆ ಹೀಗೆ ಬಿಡಿಸಿಕೊಂಡಿತೆಂದರೆ ಪ್ರಯೋಗದ ಅರ್ಧ ವಿನ್ಯಾಸ ಅದರೊಳಗೇ ಇರುತ್ತದೆ.

ಪ್ರಮಾಣವೇ ವಿಷವನ್ನು ನಿರ್ಧರಿಸುತ್ತದೆ ಎಂಬ ವಿಚಾರವನ್ನು ಹದಿನಾರನೆಯ ಶತಮಾನದಲ್ಲಿಯೇ ಪ್ಯಾರಾಸೆಲ್ಸಸ್ ಎಂಬ ಯುರೋಪಿನ ವೈದ್ಯ ಮುಂದಿಟ್ಟಿದ್ದನು. ಆದರೆ ಅದನ್ನು ಹೇಳಿಕೆಯಾಗಿ ಕೇಳಿದ ವಿದ್ಯಾರ್ಥಿಗಳು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅಂಕಿಗಳನ್ನು ನೋಡಿದಾಗ ಮಾತ್ರ ನಿಲ್ಲುತ್ತಾರೆ. ಪ್ರಯೋಗಕ್ಕೊಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣವನ್ನು ಎಲ್‌ಡಿ50 ಎನ್ನುತ್ತಾರೆ. ಈ ಅಳತೆಯನ್ನು 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ಪರಿಚಯಿಸಿದನು. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಅಡುಗೆ ಉಪ್ಪಿನ ಎಲ್‌ಡಿ50 ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 3000 ಮಿಲಿಗ್ರಾಂ, ಕೆಫೀನಿನದು ಸುಮಾರು 200 ಮಿಲಿಗ್ರಾಂ. ದಿನವೂ ಸೇವಿಸುವ ಎರಡು ವಸ್ತುಗಳು ಇಂಥ ಪಟ್ಟಿಯಲ್ಲಿರುವುದನ್ನು ಕಂಡ ಮೇಲೆ 'ವಿಷ' ಮತ್ತು 'ವಿಷವಲ್ಲದ್ದು' ಎಂಬ ಎರಡು ಗುಂಪುಗಳು ಅವರ ಮಾತಿನಿಂದ ತಾವಾಗಿಯೇ ಮರೆಯಾಗುತ್ತವೆ.

ಈ ಅಂಕಿಗಳ ಹಿಂದೆ ಸತ್ತ ಇಲಿಗಳಿವೆ ಎಂಬುದನ್ನೂ ಅವರು ಗಮನಿಸುತ್ತಾರೆ, ಗಮನಿಸಲೇಬೇಕು. ಪ್ರಾಣಿಪ್ರಯೋಗಕ್ಕೆ ಬದಲಿಯನ್ನು ಹುಡುಕುವುದು, ಬಳಸುವ ಪ್ರಾಣಿಗಳ ಸಂಖ್ಯೆಯನ್ನು ಇಳಿಸುವುದು, ಅವುಗಳ ನೋವನ್ನು ಕಡಿಮೆ ಮಾಡುವುದು ಎಂಬ ಮೂರು ತತ್ತ್ವಗಳನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ರೂಪಿಸಿದರು. ಶಾಲೆಯ ಕೆಲಸಕ್ಕೆ ಮೊದಲನೆಯ ತತ್ತ್ವವೇ ಸಾಕು. ಆದ್ದರಿಂದ ನಾವು ಲೆಟ್ಯೂಸ್ ಬೀಜಗಳನ್ನು ಆರಿಸಿಕೊಂಡೆವು. ಅವು ಬೇಗ ಮೊಳೆಯುತ್ತವೆ, ಬೇರು ನೇರವಾಗಿ ಇಳಿಯುವುದರಿಂದ ಅಳತೆ ಸುಲಭ. ಪರೀಕ್ಷಿಸುವ ವಸ್ತುವಾಗಿ ಅಡುಗೆ ಉಪ್ಪನ್ನೇ ಇಟ್ಟುಕೊಂಡೆವು. ಕೀಟನಾಶಕವನ್ನು ಬಳಸಬೇಕೆಂಬ ಆಸೆ ವಿದ್ಯಾರ್ಥಿಗಳಿಗೆ ಇತ್ತು. ಆದರೆ ಕಲಿಯಬೇಕಾದ ತರ್ಕವನ್ನೆಲ್ಲ ಉಪ್ಪು ಕಲಿಸುತ್ತದೆ, ಅದನ್ನು ಮುಟ್ಟುವುದಕ್ಕೂ ವಿಲೇವಾರಿ ಮಾಡುವುದಕ್ಕೂ ಹೆದರಬೇಕಾಗಿಲ್ಲ.

ಮೊದಲ ಸುತ್ತಿನಲ್ಲಿ ಲೀಟರಿಗೆ 10 ಗ್ರಾಂ ಉಪ್ಪಿರುವ ದ್ರಾವಣದಿಂದ ಆರಂಭಿಸಿ, ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸುತ್ತ 1, 0.1 ಮತ್ತು 0.01 ಗ್ರಾಂವರೆಗೆ ಇಳಿದೆವು. ಶುದ್ಧ ನೀರು ಮಾತ್ರ ಇರುವ ಕಂಟ್ರೋಲ್ ತಟ್ಟೆಗಳನ್ನೂ ಇಟ್ಟೆವು. ಪೆಟ್ರಿ ತಟ್ಟೆಯಲ್ಲಿ ಫಿಲ್ಟರ್ ಪೇಪರ್ ಹಾಸಿ, ಅಳೆದ ದ್ರಾವಣವನ್ನು ಸುರಿದು, ಬೀಜಗಳನ್ನು ಅಂತರವಿಟ್ಟು ಜೋಡಿಸಿ, ತೇವ ಆರದಂತೆ ಮುಚ್ಚಿ ಐದು ದಿನ ಕತ್ತಲೆಯಲ್ಲಿರಿಸಿದೆವು. 10 ಗ್ರಾಂ ತಟ್ಟೆಗಳಲ್ಲಿ ಬೇರು ಬಹುತೇಕ ಬೆಳೆಯಲಿಲ್ಲ, 1 ಗ್ರಾಂ ತಟ್ಟೆಗಳು ಕಂಟ್ರೋಲಿಗಿಂತ ಹೆಚ್ಚೇನೂ ಭಿನ್ನವಾಗಿ ಕಾಣಲಿಲ್ಲ. ಪ್ರಯೋಗ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸುವುದು ಇಲ್ಲಿಯೇ. ನಮ್ಮ ವೃತ್ತಿಯಲ್ಲಿ ಇದು ವ್ಯಾಪ್ತಿಯನ್ನು ಹುಡುಕುವ ಹಂತ ಮಾತ್ರ. ಬದಲಾವಣೆ 1 ಮತ್ತು 10ರ ನಡುವೆ ಎಲ್ಲೋ ಇದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಎರಡನೆಯ ಸುತ್ತಿಗೆ ಅವರು 2, 4, 6, 8 ಎಂದು ಸಮ ಅಂತರದ ಸಾರತೆಗಳನ್ನು ಬರೆದು ತಂದರು. ಜೀವಿಗಳ ಪ್ರತಿಕ್ರಿಯೆ ಸಾಮಾನ್ಯವಾಗಿ ಅನುಪಾತವನ್ನು ಅನುಸರಿಸುವುದರಿಂದ ಪ್ರತಿ ಹೆಜ್ಜೆಗೂ ಸುಮಾರು 1.8 ಪಟ್ಟು ಏರುವ 1, 1.8, 3.2, 5.6, 10 ಎಂಬ ಸರಣಿ ಏಕೆ ಮೇಲೆಂಬುದನ್ನು ಲಾಗರಿದಮಿಕ್ ನಕ್ಷೆಯ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ಅವರೇ ಕಂಡುಕೊಂಡರು. ಗಣಿತದ ತರಗತಿಯಲ್ಲಿ ಒಣ ವಿಷಯವಾಗಿದ್ದ ಲಾಗರಿದಮ್ ಆ ದಿನ ಅವರಿಗೆ ಬೇಕಾದ ಸಾಧನವಾಯಿತು.

ತಟ್ಟೆಗಳಿಗೆ ಸಂಕೇತಸಂಖ್ಯೆಗಳನ್ನು ಮಾತ್ರ ಬರೆದು, ಯಾವ ತಟ್ಟೆಯಲ್ಲಿ ಎಷ್ಟು ಉಪ್ಪಿದೆ ಎಂಬುದು ಬೇರನ್ನು ಅಳೆಯುವವರಿಗೆ ತಿಳಿಯದಂತೆ ನೋಡಿಕೊಂಡೆವು. ಕಂಟ್ರೋಲ್ ಬೀಜಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಕಡಿಮೆ ಮೊಳೆತರೆ ಇಡೀ ಸುತ್ತನ್ನೇ ಕೈಬಿಡಬೇಕೆಂದು ಮೊದಲೇ ಬರೆದಿಟ್ಟೆವು. ಇವುಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ನಿಜವಾದ ಚರ್ಚೆ ಎದ್ದದ್ದು ಮೊಳೆಯದ ಬೀಜಗಳ ವಿಷಯದಲ್ಲಿ. ಅವುಗಳ ಬೇರಿನ ಉದ್ದ ಸೊನ್ನೆಯೆಂದು ಸರಾಸರಿಗೆ ಸೇರಿಸಬೇಕೇ, ಅಥವಾ ಬಿಟ್ಟುಬಿಡಬೇಕೇ? ಸೇರಿಸಿದರೆ ಉಪ್ಪು ಬಹಳ ಕಠೋರವಾಗಿ ಕಾಣುತ್ತದೆ. ಬಿಟ್ಟರೆ ಅತ್ಯಂತ ಹೆಚ್ಚು ಹಾನಿಗೊಳಗಾದ ಬೀಜಗಳೇ ಲೆಕ್ಕದಿಂದ ಜಾರಿಹೋಗುತ್ತವೆ. ನಾನು ತೀರ್ಪು ಕೊಡದೆ, ಎರಡೂ ಲೆಕ್ಕಗಳನ್ನು ಮಾಡಿ ತರುವಂತೆ ಹೇಳಿದೆ. ಮೊಳೆಯುವುದು ಒಂದು ಪರಿಣಾಮ, ಮೊಳೆತ ಮೇಲೆ ಬೆಳೆಯುವುದು ಇನ್ನೊಂದು, ಒಂದೇ ಸಂಖ್ಯೆಯಲ್ಲಿ ಎರಡನ್ನೂ ಅಡಗಿಸಬಾರದು ಎಂಬ ನಿರ್ಧಾರಕ್ಕೆ ಅವರು ತಾವೇ ಬಂದರು. ವೃತ್ತಿಪರ ವರದಿಗಳಲ್ಲಿಯೂ ಇಷ್ಟು ಸ್ಪಷ್ಟವಾದ ಯೋಚನೆ ಯಾವಾಗಲೂ ಸಿಗುವುದಿಲ್ಲ.

ಅತಿ ಕಡಿಮೆ ಉಪ್ಪಿದ್ದ ತಟ್ಟೆಗಳಲ್ಲಿ ಸರಾಸರಿ ಬೇರು ಕಂಟ್ರೋಲಿಗಿಂತ ತುಸು ಉದ್ದವಾಗಿದ್ದುದು ಅವರನ್ನು ಬಹಳ ಉತ್ಸಾಹಗೊಳಿಸಿತು. ಅಲ್ಪ ಪ್ರಮಾಣದ ವಸ್ತು ಉತ್ತೇಜಕವಾಗಿ, ಹೆಚ್ಚಿನ ಪ್ರಮಾಣ ಹಾನಿಕರವಾಗಿ ವರ್ತಿಸುವುದನ್ನು ಹಾರ್ಮೆಸಿಸ್ ಎನ್ನುತ್ತಾರೆ. ಆ ಹೆಸರನ್ನು ಹೇಳುವ ಮೊದಲು ಪ್ರತಿ ಬೀಜದ ಅಳತೆಯನ್ನೂ ಒಂದೊಂದು ಚುಕ್ಕಿಯಾಗಿ ನಕ್ಷೆಯಲ್ಲಿ ಇಡಲು ಹೇಳಿದೆ. ಎರಡೂ ಗುಂಪುಗಳ ಚುಕ್ಕಿಗಳು ಒಂದರೊಳಗೊಂದು ಬೆರೆತುಹೋದವು. ಸರಾಸರಿಗಳ ನಡುವಿನ ಅಂತರ ಬೀಜಬೀಜಕ್ಕೂ ಇರುವ ಸಹಜ ವ್ಯತ್ಯಾಸದ ಮುಂದೆ ಚಿಕ್ಕದಾಗಿತ್ತು. ಹಾರ್ಮೆಸಿಸ್ ಪದವನ್ನು ಅವರು ವರದಿಯಲ್ಲಿ ಬಳಸಲಿಲ್ಲ.

ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿಯಿಂದ ಬಂದಿತು: "ಮೇಡಂ, ಬೀಜಕ್ಕೆ ಹಾನಿ ಮಾಡುತ್ತಿರುವುದು ಸೋಡಿಯಂ ಮತ್ತು ಕ್ಲೋರೈಡೇ, ಅಥವಾ ಬೀಜಕ್ಕೆ ನೀರು ಸಿಗದಂತಾಗಿರುವುದೇ?" ದ್ರಾವಣ ಗಾಢವಾದಷ್ಟೂ ಅಭಿಸರಣೆಯ (ನೀರು ಗಾಢ ದ್ರಾವಣದ ಕಡೆಗೆ ಹರಿಯುವ ಗುಣದ) ಕಾರಣದಿಂದ ಬೀಜ ನೀರು ಹೀರುವುದು ಕಷ್ಟವಾಗುತ್ತದೆ. ಇವೆರಡನ್ನೂ ಬೇರ್ಪಡಿಸಲು, ಅಷ್ಟೇ ಅಭಿಸರಣ ಒತ್ತಡವಿದ್ದು, ಸೋಡಿಯಂ ಮತ್ತು ಕ್ಲೋರೈಡಿನಂಥ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಇಲ್ಲದ ಇನ್ನೊಂದು ದ್ರಾವಣ ಬೇಕು. ಸಕ್ಕರೆ ಬಳಸಿದರೆ ಬೂಷ್ಟು ಬೆಳೆಯುವ ಭಯವಿದ್ದುದರಿಂದ ನಾನು ಮ್ಯಾನಿಟಾಲ್ ಎಂಬ, ನೀರಿನಲ್ಲಿ ಅಯಾನುಗಳಾಗಿ ಒಡೆಯದ ವಸ್ತುವನ್ನು ಸೂಚಿಸಿದೆ. ಲೆಕ್ಕವನ್ನು ಅವಳೇ ಮಾಡಿದಳು. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದರಿಂದ ಮ್ಯಾನಿಟಾಲಿನ ಮೋಲ್‌ಗಳು (ಮೋಲ್ ಎಂದರೆ ಕಣಗಳ ಸಂಖ್ಯೆಯ ಅಳತೆ) ಹೆಚ್ಚುಕಡಿಮೆ ಉಪ್ಪಿನ ಎರಡರಷ್ಟಿರಬೇಕು, ಅಂದರೆ ಲೀಟರಿಗೆ 5.6 ಗ್ರಾಂ ಉಪ್ಪಿಗೆ ಸರಿಸಾಟಿಯಾಗಿ ಸುಮಾರು 35 ಗ್ರಾಂ ಮ್ಯಾನಿಟಾಲ್. ಎರಡೂ ದ್ರಾವಣಗಳಲ್ಲಿ ಬೇರುಗಳು ಕುಗ್ಗಿದವು. ನೀರಿನ ಕೊರತೆಗೂ ಪಾಲಿದೆ ಎಂದು ಹೇಳಲು ಅಷ್ಟು ಸಾಕಾಗಿತ್ತು. ಅಯಾನುಗಳ ಪಾಲು ಎಷ್ಟೆಂದು ಹೇಳಲು ನಮ್ಮಲ್ಲಿದ್ದ ತಟ್ಟೆಗಳ ಸಂಖ್ಯೆ ಸಾಲದು ಎಂದು ಅವಳು ವರದಿಯಲ್ಲಿ ಬರೆದು, ಅದರ ಕೆಳಗೆಯೇ ಮುಂದಿನ ಸುತ್ತಿಗೆ ಪ್ರತಿ ಸಾರತೆಗೂ ಎಷ್ಟು ತಟ್ಟೆಗಳು ಬೇಕಾಗುತ್ತವೆ ಎಂಬ ಲೆಕ್ಕವನ್ನು ಸೇರಿಸಿದ್ದಳು.